ಮಾಮ ವಿಮಾನದಲ್ಲಿ ಡೆಲ್ಲಿಗೆ ಹೋದದ್ದು

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡ ನನ್ನಂಥವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಮೆಟ್ಟಿಲು ಹತ್ತಿ ಬರುತ್ತದೆ. ಆದರೆ ನಮ್ಮ ಬೀದಿಯ ಮಾಮನ ಜೊತೆ ಡೆಲ್ಲಿಗೆ ಹೋಗಿಬಂದದ್ದನ್ನು ನೆನೆದರೆ ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತೇನೆ.

ದೂರ

ಗಣಿ ನಡೆಯುತ್ತಿದ್ದ ಕಾಲದಲ್ಲಿ ಮಾಮ ಕೇಜಿನ ಇಂಜಿನ್ ನಡೆಸುತ್ತಿದ್ದರು. ಕೇಜ್ ಅಂದರೆ ಆಳುಗಳನ್ನು ಪಾತಾಳಕ್ಕಿಳಿಸಿ ಮೇಲೆ ತರುವ ಕಬ್ಬಿಣದ ಪಂಜರ. ಅದರಲ್ಲಿ ದಿನಾ ಇಳಿಯುತ್ತಿದ್ದ ಅವರ ಜೀವದ ಗೆಳೆಯರೊಬ್ಬರು ಈಗ ಡೆಲ್ಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಾಡಿದ್ದು ಬೆಳಗ್ಗೆ ಹೃದಯದ ಆಪರೇಷನ್ ಅಂದಾಗ ಆ ಗೆಳೆಯರು ಮಾಮನೇ ಬರಬೇಕೆಂದು ಹಟ ಹಿಡಿದರು: "ಅವ್ನು ಬರೋಗಂಟ ನಾನು ಒಳಕ್ಕೆ ಓಗಲ್ಲ." ರೈಲಿನಲ್ಲಿ ಹೋದರೆ ಹೊತ್ತು ಮೀರುತ್ತದೆ. ವಿಮಾನವೇ ಗತಿ, ಜೊತೆಗೆ ನಾನು.

"ಬೆಂಗಳೂರಿಂದ ಡೆಲ್ಲಿಗೆ ಮೂರು ಗಂಟೇನೂ ಆಗಲ್ಲ ಮಾಮ," ಅಂದೆ.

"ಇಲ್ಲಿಂದ ಏರೋಪ್ಲೇನ್ ಅತ್ರಕ್ಕೆ?"

ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು, ಬೆಂಗಳೂರಲ್ಲಿ ಮತ್ತೆ ಬಸ್ಸು, ಆಮೇಲೆ ಅಲ್ಲಿ ಕೂತು ಕಾಯುವುದು, ಎಲ್ಲಾ ಕೂಡಿಸಿ ಆರೇಳು ಗಂಟೆ ಅಂದೆ. ಮಾಮ ತಲೆ ಕೆರೆದುಕೊಂಡರು.

"ಅಂಗಾದ್ರೆ ಡೆಲ್ಲಿ ಇಲ್ಲೇ ಪಕ್ಕದಲ್ಲೈತೆ ಅನ್ನು. ದೂರ ಇರೋದು ಬೆಂಗ್ಳೂರೇ ಕಣ್ಲಾ!"

ಬುತ್ತಿ

ಅತ್ತೆ ಒಮ್ಮೆ ರೈಲಿನಲ್ಲಿ ಕಾಶಿಗೆ ಹೋಗಿ ಬಂದವರು. ಉತ್ತರಕ್ಕೆ ಹೋಗುವುದೆಂದರೆ ಎರಡು ದಿನದ ಬುತ್ತಿ ಕಟ್ಟಬೇಕೆಂಬುದು ಅವರ ಕಾನೂನು. "ಮಧ್ಯಾಹ್ನಕ್ಕೆ ಚಿತ್ರಾನ್ನ, ರಾತ್ರಿ ನಾಗಪುರ ಬಂದಾಗ ರೊಟ್ಟಿ. ಒಂದೂ ವಾಪಸ್ ತರಕೂಡ್ದು," ಅಂತ ಅಪ್ಪಣೆ ಮಾಡಿದರು. ವಿಮಾನ ಏರಿದ್ದೇ ಮಾಮ ಚಿತ್ರಾನ್ನ ಬಿಚ್ಚಿ ನಿಧಾನವಾಗಿ ತಿಂದರು. ನಾನು ಗಡಿಯಾರ ನೋಡಿ, "ನಾಗಪುರ ಬಂದಿರಬೇಕು ಮಾಮ," ಅಂದೆ.

"ಇದೇನ್ಲಾ ಅನ್ಯಾಯ! ಮಧ್ಯಾಹ್ನದ ಕೈ ಒಣಗೋಕ್ ಮುಂಚೇನೇ ರಾತ್ರಿ ಊಟ ಬಂತಲ್ಲಾ!"

ಪಾಪ, ಅತ್ತೆಗೆ ಹೆದರಿ ರೊಟ್ಟಿಯನ್ನೂ ಮುಗಿಸಿದರು.

ಬೆಲ್

ಅಷ್ಟರಲ್ಲಿ 'ಟಿಂಗ್' ಎಂದು ಒಂದು ಬೆಲ್ ಆಯಿತು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳಿ ಅಂತ ಅದು. ಗಣಿಯಲ್ಲಾದರೋ ಕೇಜ್ ಓಡುವಾಗ ಒಂದು ಬೆಲ್ ಬಿದ್ದರೆ ಇದ್ದಲ್ಲೇ ನಿಲ್ಲಿಸು ಅಂತ. ಜೀವಮಾನವೆಲ್ಲ ಆ ಸದ್ದಿಗೆ ಕಿವಿ ಕೊಟ್ಟಿದ್ದ ಮಾಮ ಮುಂದಿನ ಸೀಟನ್ನೇ ಬ್ರೇಕಿನ ಹಾಗೆ ಹಿಡಿದೆಳೆದರು. ಅದರಲ್ಲಿ ಕೂತಿದ್ದವರು ತಿರುಗಿ ದುರುಗುಟ್ಟಿದರು.

ಮಾಮ ಕಿಟಕಿಯಿಂದ ನೋಡಿದರು. ಮೋಡ ಕದಲುತ್ತಿರಲಿಲ್ಲ. "ನಿಂತೋಯ್ತು! ಅಲ್ಲಿ ಅವ್ನು ಕಾಯ್ತಾವ್ನೆ... ಯಾಕಮ್ಮಾ ನಿಲ್ಸಿದ್ರಿ?" ಎಂದು ಗಗನಸಖಿಯನ್ನು ಕೇಳಿದರು. ಅವಳಿಗೆ ಕನ್ನಡ ಬಾರದು. ನಕ್ಕು ನೀರು ತಂದುಕೊಟ್ಟಳು.

"ನಿಂತಿಲ್ಲ ಮಾಮ, ಓಡ್ತಾನೇ ಇದೆ," ಅಂದೆ.

"ಇಂಜಿನ್ ನಡೆಸಿದೋನು ನಾನಾ ನೀನಾ?"

ಆಸ್ಪತ್ರೆ

ಮರುದಿನ ಬೆಳಗ್ಗೆ ಗೆಳೆಯರನ್ನು ಒಳಗೆ ಕರೆದೊಯ್ಯಲು ನಮ್ಮ ಕಡೆಯವಳೇ ಆದ ನರ್ಸೊಬ್ಬಳು ಬಂದಳು. ಅವರು ಮಾಮನ ಕೈ ಬಿಡಲಿಲ್ಲ. "ಎದೆ ಬಡ್ತ ನಿಲ್ಸಿ, ಆಮ್ಯಾಕೆ ಶುರು ಮಾಡ್ತಾರಂತೆ ಕಣ್ಲಾ. ನಿಂತಿದ್ದು ನಿಂತೇ ಓದ್ರೆ?"

ನನಗೆ ಅಳು ಬಂತು. ಮಾಮನ ಕಣ್ಣೂ ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಥೂ, ಅಷ್ಟಕ್ಕೇ ಎದ್ರುತೀಯೇನ್ಲಾ? ನಮ್ ಏರೋಪ್ಲೇನೂ ನಡು ಆಕಾಶದಾಗೆ ನಿಂತಿತ್ತು. ಒಂದು ಲೋಟ ನೀರು ಕೊಟ್ರು. ಕುಡ್ದೆ. ಡೆಲ್ಲಿ ಬಂತು!"

ಗೆಳೆಯರು ಅವರ ಮುಖವನ್ನೇ ನೋಡಿದರು. ಇಂಜಿನ್ ವಿಷಯದಲ್ಲಿ ಮಾಮನ ಮಾತನ್ನು ಅವರು ಎಂದೂ ಅನುಮಾನಿಸಿದವರಲ್ಲ. ಕೈ ಬಿಟ್ಟು ನರ್ಸಿಗೆ ಹೇಳಿದರು:

"ನಡಿಯಮ್ಮಾ, ಓಗಣ. ನೀರ್ ಮಾತ್ರ ರೆಡಿ ಮಡಗಿರು."