ನಿರ್ಜನ ಗುಡ್ಡ ಮತ್ತು ಆರು ಕಾಲುಗಳು

ಸಿಂಧನೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂಗೋಳ ಪಾಠ ಹೇಳುತ್ತಿದ್ದೇನೆ. ಅಂಥವನಿಗೆ ಒಂದು ಗುಡ್ಡದ ಫೋಟೊ ತೆಗೆಯುವುದು ಕಷ್ಟವಾದೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಯಾರೂ ಹೇಳಲಿಲ್ಲ.

ಕಾಲೇಜಿಗೆ ಹೊಸ ಸಭಾಂಗಣವಾಗಿತ್ತು. ಅದರ ಎದುರುಗೋಡೆಗೆ ನಮ್ಮ ಸೀಮೆಯ ನಿಸರ್ಗದ ದೊಡ್ಡದೊಂದು ಫೋಟೊ ಹಾಕಬೇಕೆಂದು ಪ್ರಾಚಾರ್ಯರಿಗೆ ಆಸೆ. ಫೋಟೊಗ್ರಾಫರನನ್ನು ಕರೆಸೋಣ ಎಂದು ಅವರು ಅಧ್ಯಾಪಕರ ಸಭೆಯಲ್ಲಿ ಹೇಳುತ್ತಿರುವಾಗಲೇ ನಾನು ಎದ್ದು ನಿಂತೆ. ನನ್ನ ಬಳಿ ಹೊಸ ಫೋನಿದೆ, ಭೂಗೋಳದ ಜ್ಞಾನವಿದೆ, ಮನುಷ್ಯನ ಸುಳಿವೇ ಇಲ್ಲದ ಜಾಗವನ್ನು ಹುಡುಕಿ ನಾನೇ ತೆಗೆದು ತರುತ್ತೇನೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸುಸ್ತು ನನಗೆ ಇನ್ನೂ ಇಳಿದಿಲ್ಲ.

ಸಿಂಧನೂರಿನ ಸುತ್ತ ಗೊರೇಬಾಳದ ಕಡೆ ಹೋದರೂ ದಢೇಸುಗೂರಿನ ಕಡೆ ಹೋದರೂ ಭತ್ತದ ಗದ್ದೆ, ಕಾಲುವೆ, ಟ್ರ್ಯಾಕ್ಟರ್. ನಿರ್ಜನ ಎಂಬ ಶಬ್ದಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಒಂದು ಭಾನುವಾರ ಬಸ್ಸು ಹತ್ತಿ ಮಸ್ಕಿ ದಾಟಿ, ಸಂತೆಕಲ್ಲೂರಿನ ಆಚೆಯ ಕಲ್ಲುಗುಡ್ಡಕ್ಕೆ ಹೋದೆ. ತಲುಪಿದಾಗ ಮಟಮಟ ಮಧ್ಯಾಹ್ನ. ಬಿಸಿಲಿಗೆ ಫೋನಿನ ಪರದೆ ಒಂದಿಷ್ಟೂ ಕಾಣುತ್ತಿರಲಿಲ್ಲ. ಆದರೂ ಅನುಭವದ ಮೇಲೆ, ಬೇರೆ ಬೇರೆ ಕೋನಗಳಿಂದ ಎಪ್ಪತ್ತು ಫೋಟೊ ತೆಗೆದೆ. ಮನೆಗೆ ಬಂದು ಹೆಂಡತಿ ಶಾಂತಾಳ ಕೈಗೆ ಹೆಮ್ಮೆಯಿಂದ ಫೋನ್ ಕೊಟ್ಟೆ.

ಶಾಂತಾ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಒಂದೊಂದೇ ಫೋಟೊ ಸರಿಸುತ್ತಾ ಕೊನೆಯವರೆಗೂ ಹೋದಳು.

"ಏನ್ರಿ, ಇದ್ರಾಗ ಗುಡ್ಡ ಯಾವುದು, ನಿಮ್ಮ ಮೂಗು ಯಾವುದು?" ಎಂದಳು.

ಕ್ಯಾಮೆರಾ ನನ್ನ ಕಡೆಗೇ ತಿರುಗಿತ್ತು. ಎಪ್ಪತ್ತೂ ನನ್ನವೇ! ಕೆಳಗಿನಿಂದ ತೆಗೆದದ್ದರಿಂದ ಮೂಗಿನ ಹೊಳ್ಳೆಗಳು ಮಾತ್ರ ಗುಹೆಗಳಂತೆ ಬಹಳ ಸ್ಪಷ್ಟವಾಗಿ ಬಂದಿದ್ದವು.

ಮುಂದಿನ ಭಾನುವಾರ ಖಾಜಾನನ್ನು ಕರೆದುಕೊಂಡು ಹೋದೆ. ಖಾಜಾ ನನ್ನ ಶಾಲೆಯ ದಿನಗಳ ಗೆಳೆಯ, ಮಸ್ಕಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅವನ ಬೈಕಿನಲ್ಲಿ ಗುಡ್ಡದ ಬುಡ ಸೇರಿದೆವು. ಈ ಸಲ ಪರದೆ ಕಾಣುತ್ತಿತ್ತು. ಅದರಲ್ಲಿ ಎಲ್ಲವೂ ಕಾಣುತ್ತಿತ್ತು. ಎಡಕ್ಕೆ ಹಿಡಿದರೆ ಕರೆಂಟಿನ ಕಂಬ, ಬಲಕ್ಕೆ ಹಿಡಿದರೆ ಮೊಬೈಲ್ ಟವರು, ನಡುವೆ ಹಿಡಿದರೆ ಯಾರದೋ ಲುಂಗಿ ಒಣಹಾಕಿದ ಜಾಲಿಗಿಡ. ನಾಲ್ಕು ಹೆಜ್ಜೆ ಮುಂದೆ, ಆರು ಹೆಜ್ಜೆ ಹಿಂದೆ ಎಂದು ಫೋನ್ ಹಿಡಿದು ನಡೆದಾಡುತ್ತಿದ್ದ ನನ್ನನ್ನು ನೋಡಿ ಹೊಲಗಳಿಂದ ಜನ ಬಂದರು. ನಾನು ಜಮೀನು ಅಳೆಯುವ ಸರ್ವೆಯವನು ಎಂದು ಅವರು ಲೆಕ್ಕ ಹಾಕಿದ್ದರು. ಅಲ್ಲ ಎಂದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಅಲ್ಲ ಎನ್ನುವವನೇ ದೊಡ್ಡ ಅಧಿಕಾರಿ ಇರಬೇಕು ಎಂದು ಒಬ್ಬರು ಮಜ್ಜಿಗೆ ತರಿಸಿದರು. ಇಬ್ಬರು ಅಣ್ಣತಮ್ಮಂದಿರು ತಮ್ಮ ಬದುವಿನ ಜಗಳವನ್ನು ಮೊದಲಿನಿಂದ ಹೇಳಿದರು. ಖಾಜಾ ಮಜ್ಜಿಗೆ ಕುಡಿಯುತ್ತಾ, "ಲೇ ಶಿವಪ್ಪ, ಅಳದು ಕೊಟ್ಟುಬಿಡು, ಬೇಗ ಹೋಗೂಣು" ಎಂದ.

ಎಲ್ಲರನ್ನೂ ಸಾಗಹಾಕುವಷ್ಟರಲ್ಲಿ ಹೊತ್ತು ಇಳಿದಿತ್ತು. ಆದರೆ ಆಗಲೇ ಬೆಳಕು ಬಂಗಾರದಂತಾಗಿ, ಬಂಡೆಗಳೆಲ್ಲ ಕೆಂಪಾಗಿ, ನಾನು ಕನಸಿನಲ್ಲಿ ಕಂಡಿದ್ದ ಗುಡ್ಡವೇ ಎದುರಿಗೆ ನಿಂತಿತು. ಅದರ ಮುಂದೆ ಹುಲಿಗೆಮ್ಮ ಎಂಬ ಅಜ್ಜಿ ತನ್ನ ಆಡಿನೊಂದಿಗೆ ನಿಂತಿದ್ದಳು. ಸ್ವಲ್ಪ ಸರಿಯಬೇಕೆಂದು ಕೇಳಿಕೊಂಡೆ.

"ನಾ ಯಾಕ ಸರೀಲ್ರಿ? ನನ್ನ ಆಡು ಇಲ್ಲೇ ಮೇಯೂದು" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಹೊಡೀರಿ. ನಂದೂ ಆಡಿಂದೂ ಒಂದು ಹೊಡದು, ನನಗೊಂದು ಕೊಡ್ರಿ" ಎಂದಳು.

ಕೊಡುತ್ತೇನೆ ಎಂದು ಮಾತು ಕೊಟ್ಟು ಒಂದೇ ಒಂದು ತೆಗೆದೆ. ಅಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು.

ಆದರೆ ನಾನು ಒಪ್ಪಿಕೊಂಡಿದ್ದು ಮನುಷ್ಯನ ಸುಳಿವಿಲ್ಲದ ನಿಸರ್ಗ. ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ನೋಡಿದರೆ, ಬೇಡದ್ದನ್ನು ಬೆರಳಿನಿಂದ ಉಜ್ಜಿ ಅಳಿಸುವ ವ್ಯವಸ್ಥೆ ಫೋನಿನಲ್ಲೇ ಇತ್ತು. ಉಜ್ಜಿದೆ. ಹುಲಿಗೆಮ್ಮ ಹೋದಳು, ಆಡು ಹೋಯಿತು, ಅವರಿದ್ದಲ್ಲಿ ಹುಲ್ಲು ಬಂತು. ವಿಜ್ಞಾನಕ್ಕೆ ಮನಸ್ಸಿನಲ್ಲೇ ನಮಸ್ಕರಿಸಿದೆ. ಹಳೆಯ ಫೋಟೊ ಇಡಲೋ ಅಳಿಸಲೋ ಎಂದು ಫೋನ್ ಕೇಳಿತು. ನಾನು ಅಚ್ಚುಕಟ್ಟಿನ ಮನುಷ್ಯ. ಅಳಿಸು ಎಂದೆ.

ಗೋಡೆಯಷ್ಟು ದೊಡ್ಡ ಮುದ್ರಣವಾಗಿ, ಚೌಕಟ್ಟಿನೊಳಗೆ ಕೂತು, ಮೇಲೆ ಪರದೆ ಹೊದ್ದು ಆ ಚಿತ್ರ ಉದ್ಘಾಟನೆಗೆ ಸಿದ್ಧವಾಯಿತು. ನಿವೃತ್ತ ಎಂಜಿನಿಯರೊಬ್ಬರು ಅತಿಥಿಯಾಗಿ ಬಂದಿದ್ದರು. ಮನುಷ್ಯನ ಪಾದ ಸೋಕದ ಪ್ರಕೃತಿಯ ಬಗ್ಗೆ ನಾನು ಹತ್ತು ನಿಮಿಷ ಮಾತಾಡಿದೆ. ಪರದೆ ಸರಿಯಿತು. ಅತಿಥಿಗಳು ಕನ್ನಡಕ ಏರಿಸಿ ಹತ್ತಿರ ಹೋದರು, ಬಗ್ಗಿದರು, ಮತ್ತೆ ಬಗ್ಗಿದರು.

"ಸರ್, ಈ ಕಾಲು ಯಾರವ್ರಿ?"

ಫೋನಿನ ಸಣ್ಣ ಪರದೆಯಲ್ಲಿ ಒಣಹುಲ್ಲಿನ ಬಣ್ಣದಲ್ಲಿ ಬೆರೆತು ಹೋಗಿದ್ದವು, ದೊಡ್ಡದಾದ ಮೇಲೆ ಎದ್ದು ಬಂದಿದ್ದವು. ನಿರ್ಜನ ಗುಡ್ಡದ ಮುಂದೆ ಆರು ಕಾಲುಗಳು, ಎರಡು ಚಪ್ಪಲಿ ಸಮೇತ. ಮೇಲೆ ಯಾರೂ ಇರಲಿಲ್ಲ. ಹಿಂದಿನ ಸಾಲಿನ ವಿದ್ಯಾರ್ಥಿಗಳು ಎದ್ದು ನಿಂತು ಎಣಿಸಿದರು. ಪ್ರಾಚಾರ್ಯರು ವಂದನಾರ್ಪಣೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು.

ಮನೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡೆ. ಶಾಂತಾ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಕಾಲೇಜಿಂದು ಹೋಗ್ಲಿ. ಆ ಅಜ್ಜಿಗೆ ಏನ್ ಕೊಡ್ತೀರಿ? ಬರೇ ಕಾಲೇನು?" ಎಂದಳು. ಗೋಡೆಯ ಕಡೆ ಹೊರಳಿದೆ.

ಅದಕ್ಕಾಗಿ ಮೂರನೆಯ ಭಾನುವಾರವೂ ಹೋದೆ. ಹುಲಿಗೆಮ್ಮನಿಗೆ ನಡೆದದ್ದನ್ನು ಹೇಳಿದೆ. ತನ್ನನ್ನು ಅಳಿಸಿದ್ದಕ್ಕೆ ಆಕೆಗೆ ಬೇಜಾರಾಗಲಿಲ್ಲ, ಆಡನ್ನು ಅಳಿಸಿದ್ದಕ್ಕೆ ಆಯಿತು. ಈ ಸಲ ಹತ್ತಿರದಿಂದ, ಇಬ್ಬರದೂ ಕಾಲು ತಲೆ ಎಲ್ಲ ಬರುವಂತೆ ತೆಗೆದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದುಕೊಟ್ಟಾಗ ಆಕೆ ಬಹಳ ಹೊತ್ತು ನೋಡಿದಳು. ನನ್ನ ಕಣ್ಣು ತೇವವಾಗುವುದರಲ್ಲಿತ್ತು.

"ಆಡು ಚಲೋ ಬಂದೈತ್ರಿ. ಆಡನ್ನ ಮಾರೂದೈತಿ. ಫೋಟೊದ ಕೆಳಗ ಒಂದು ಫೋನ್ ನಂಬರ್ ಬರೀರಿ."

ಆಕೆಯ ಬಳಿ ಫೋನ್ ಇರಲಿಲ್ಲ. ನನ್ನ ನಂಬರನ್ನೇ ಬರೆದೆ. ಚಿತ್ರ ಸಂತೆಕಲ್ಲೂರಿನ ಚಹಾ ಅಂಗಡಿಯ ಗೋಡೆಗೆ ಏರಿತು. ಎರಡು ದಿನ, ಪಾಠದ ನಡುವೆಯೂ ಬಿಡದೆ, ವಯಸ್ಸು ಲೆಕ್ಕ ಹಾಕಲು ಆಡಿಗೆ ಎಷ್ಟು ಹಲ್ಲು ಬಂದಿವೆ ಎಂದು ಕೇಳುವ ಕರೆಗಳು ಬಂದವು. ಮೂರನೆಯ ದಿನ ಆಡು ಮಾರಾಟವಾಯಿತು. ನಾನು ತೆಗೆದ ಚಿತ್ರವೊಂದು ಕೊನೆಗೂ ಕೆಲಸಕ್ಕೆ ಬಂತಲ್ಲ ಎಂದು ಸಮಾಧಾನಪಟ್ಟು ಕುರ್ಚಿಗೆ ಒರಗಿದೆ. ಆಗ ಮತ್ತೆ ಫೋನ್ ಬಂತು. ಆಡನ್ನು ಕೊಂಡವರು ಲಿಂಗಸುಗೂರಿನಿಂದ ಮಾತಾಡುತ್ತಿದ್ದರು.

"ಫೋಟೊ ತಗದವ್ರು ನೀವೇನ್ರಿ? ಆಡು ಅದ್ರಾಗ ಭಾಳ ದೊಡ್ಡದು ಕಾಣ್ತಿತ್ತು."