ಹೊಸ್ತಿಲಲ್ಲಿ ಸಮಾಧಿಸ್ಥರಾದ ಎಮ್ಮೆಯವರಿಗೆ

ಸಹಜಪುರ, ಸತ್ತೂರ ಹತ್ತಿರ
ಮಾರ್ಚ್ ೧೯೩೮

ಮಾನ್ಯರೇ,

ಸಹಜಪುರದ ಗೌರವಾನ್ವಿತ ನಿವಾಸಿಗಳೂ ನನ್ನ ಹೊಸ್ತಿಲಿಗೆ ಅಲಂಕಾರಪ್ರಾಯರೂ ಆದ ತಮ್ಮ ನಾಲ್ಕೂ ಪಾದಗಳಿಗೆ, ನಿವೃತ್ತ ಶಾಲಾ ಮಾಸ್ತರ ಏಕನಾಥನು ಮನೆಯ ಒಳಗಿನಿಂದಲೇ ಮಾಡುವ ನಮಸ್ಕಾರಗಳು. ಒಳಗಿನಿಂದಲೇ ಏಕೆಂದರೆ, ಇರುವ ಒಂದೇ ಬಾಗಿಲಿಗೆ ತಾವು ಅಡ್ಡ ಮಲಗಿದ್ದೀರಿ. ಹಿಂಡಿ ಕಟ್ಟಿ ತರುವ ಕಾಗದವಾಗಿಯಾದರೂ ಈ ಪತ್ರ ತಮ್ಮ ಮುಂದೆ ಬರಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ವಕೀಲಿ ಬಿಟ್ಟು ಆತ್ಮದ ಕಡೆಗೆ ತಿರುಗಿದ ಬಿಂದುಮಾಧವರಾಯರು ಈ ಊರು ಕಟ್ಟಿದಾಗ, ಇಲ್ಲಿ ಮನುಷ್ಯ, ದನ, ಇರುವೆ ಎಲ್ಲರೂ ಸಮಾನ ನಿವಾಸಿಗಳು, ಯಾರನ್ನೂ ಕಟ್ಟಬಾರದು, ಮಲಗಿದವರನ್ನು ಎಬ್ಬಿಸಬಾರದು, ದಾಟಲೂಬಾರದು ಎಂದು ನಿಯಮ ಮಾಡಿದರು. ಹಾಲಿಗೆಂದು ಗೋಪನಕೊಪ್ಪದ ಶಿವಲಿಂಗವ್ವನಿಂದ ತಮ್ಮನ್ನು ಕರೆತಂದೆವು. ತಾವಾಗಿಯೇ ಕೊಟ್ಟ ಹಾಲನ್ನಷ್ಟೇ ಸ್ವೀಕರಿಸಬೇಕೆಂದು ಸಭೆಯಲ್ಲಿ ತೀರ್ಮಾನವಾದ್ದರಿಂದ, ತಮ್ಮ ಕರು ಪುಷ್ಟವಾಗಿದೆ, ಊರು ಬೇವಿನ ಕಷಾಯ ಕುಡಿಯುತ್ತಿದೆ.

ನನ್ನ ಹೆಂಡತಿ ಗೋದಾಬಾಯಿ ಧಾರವಾಡದ ಸಂತೆಗೆ ಹೋಗಿದ್ದಾಗ ತಾವು ಇಲ್ಲಿ ಪವಡಿಸಿದಿರಿ. ಬದನೆಕಾಯಿ ಚೀಲ ಹಿಡಿದು ಬಂದವಳು ಬಿಸಿಲಲ್ಲಿ ನಿಂತು ನಿಂತು ಸಾಕಾಗಿ, ಕೇಶ್ವಾಪುರದ ಅಣ್ಣನ ಮನೆಗೆ ಹೊರಟಳು. ಹೊರಡುವಾಗ ತಮ್ಮ ಬೆನ್ನಿನ ಆಚೆಯಿಂದ ಹೇಳಿದ್ದು ಇಷ್ಟೇ: “ಎಮ್ಮಿ ಎದ್ರ ಹೇಳಿ ಕಳಸ್ರಿ, ಬರ್ತೇನಿ. ನೀವು ಎದ್ರೂ ಹೇಳಿ ಕಳಸ್ರಿ.”

ಕಿಟಕಿಯಿಂದಲೇ ರಾಯರಿಗೆ ದೂರು ಹೇಳಿಕೊಂಡೆ. ತಾವು ಕಣ್ಣು ಅರೆಮುಚ್ಚಿ ಲಯವಾಗಿ ಮೆಲುಕು ಹಾಕುವುದನ್ನು ಅವರು ನೋಡಿ, ಇದು ಸಮಾಧಿಯೆಂದು ನಿರ್ಣಯಿಸಿ ಕೈಮುಗಿದರು. ಈಗ ಸಂಜೆಯ ಭಜನೆ ನನ್ನ ಬಾಗಿಲಲ್ಲೇ ನಡೆಯುತ್ತದೆ. ಕೋಣನ ಮುಂದೆ ಕಿನ್ನರಿ ಎಂದು ಗಾದೆ ಕಟ್ಟಿದವರು ತಮ್ಮಂಥ ಶ್ರೋತೃಗಳನ್ನು ಕಂಡಿರಲಿಲ್ಲ. ತಮ್ಮ ಮೇಲೆ ಕೂತ ನೊಣಗಳಿಗೂ ಪ್ರಸಾದದ ಬೆಲ್ಲ ಸಿಗುತ್ತದೆ. ನನಗೆ ತಮ್ಮ ಬಾಲದ ಗಾಳಿ.

ಆದ್ದರಿಂದ ತಾವು ಏಳದಿದ್ದರೂ ಚಿಂತೆಯಿಲ್ಲ, ಮಲಗಿದಲ್ಲೇ ಒಂದು ಮೊಳ ತೆಳ್ಳಗಾಗಬೇಕು. ಅದೂ ಕಷ್ಟವಾದರೆ ರಾಯರ ಸ್ವಪ್ನಕ್ಕೆ ಬಂದು, ಏಕನಾಥನ ಸಂಸಾರದ ಅರ್ಧ ಹೊರಗಿದೆಯೆಂದು ತಿಳಿಸಬೇಕು. ನಿಜ ಹೇಳುತ್ತೇನೆ, ಅವಳಿಲ್ಲದ ಮನೆಯಲ್ಲಿ ನನಗೆ ಹೊತ್ತು ಹೋಗುತ್ತಿಲ್ಲ. ನಾಳೆ ಬೆಳಗ್ಗೆ ನಿಯಮ ಮುರಿದು ತಮ್ಮನ್ನು ದಾಟುವವನಿದ್ದೇನೆ. ಆ ಒಂದು ಗಳಿಗೆ ಮಾತ್ರ ಸಮಾಧಿಯಿಂದ ಏಳದಿರಬೇಕಾಗಿ ಪ್ರಾರ್ಥನೆ.

ತಮ್ಮ ಬೆನ್ನ ಹಿಂದಿನ ವಿಶ್ವಾಸಿ,
ಏಕನಾಥ

ತಾ.ಕ.: ಇದನ್ನು ಕೇಶ್ವಾಪುರದಿಂದ ಸೇರಿಸುತ್ತಿದ್ದೇನೆ. ನಾನು ದಾಟಿದ ಕೂಡಲೇ ತಾವು ಎದ್ದು ಒಳಗೆ ಹೋಗಿ ನನ್ನ ಹಾಸಿಗೆಯ ಮೇಲೆ ಮಲಗಿದ್ದನ್ನು ಕಣ್ಣಾರೆ ಕಂಡೆ. ಬೇಕಾದದ್ದು ಅಷ್ಟೇ ಆಗಿದ್ದರೆ ಮೊದಲೇ ಬಾಯಿಬಿಟ್ಟು ಹೇಳಬಹುದಿತ್ತು. ಎಮ್ಮೆ ಎದ್ದ ಸುದ್ದಿಯನ್ನು ಗೋದಾಬಾಯಿಗೆ ತಿಳಿಸಿಲ್ಲ, ನಾನು ಎದ್ದೆನೆಂದಷ್ಟೇ ಹೇಳಿದ್ದೇನೆ. ಅವಳು ಚಹಾ ಕೊಟ್ಟಿದ್ದಾಳೆ. ಹಾಲು, ಹಗ್ಗದಿಂದ ಕಟ್ಟಿದ ಎಮ್ಮೆಯದು.