ಕಾರ್ಗತ್ತಲೆ ಪ್ರಕಾಶನದ ತೊಂಬತ್ತೇಳನೆಯ ಪುಟ

"ಅಚ್ಚಾದ ಅಕ್ಷರಕ್ಕೆ ನಾನು ಹೆದರಿದ ದಿನ ಆ ಬೋರ್ಡು ಇಳಿಸಿಬಿಡ್ತೀನಿ!" ಎಂದು ಕಾರ್ಗತ್ತಲೆ ಪ್ರಕಾಶನದ ಮಾಲೀಕರು, ಸಂಪಾದಕರು, ಕರಡು ತಿದ್ದುವವರು ಮತ್ತು ಪಾರ್ಸೆಲ್ ಕಟ್ಟುವವರು ಒಕ್ಕೊರಲಿನಿಂದ ಘೋಷಿಸಿದರು. ನಾಲ್ವರೂ ಒಬ್ಬರೇ ಆದ್ದರಿಂದ ಭಿನ್ನಾಭಿಪ್ರಾಯವೇನೂ ಬರಲಿಲ್ಲ.

ಆ ಒಬ್ಬರನ್ನು ಬೀದಿಯವರು ದೆವ್ವರಾಯರು ಎಂದು ಕರೆಯುತ್ತಿದ್ದರು. ಅವರು ಅದನ್ನು ಬಿರುದು ಎಂದೇ ತಿಳಿದಿದ್ದರು. ಹನ್ನೊಂದು ವರ್ಷಗಳಿಂದ ಪ್ರೇತ, ಪಿಶಾಚಿ, ರುಂಡವಿಲ್ಲದ ಮುಂಡ, ಮುಂಡವಿಲ್ಲದ ರುಂಡ ಎಲ್ಲವನ್ನೂ ಅಚ್ಚು ಹಾಕಿಸಿ ಅವರ ರೋಮಗಳು ಏಳುವುದನ್ನೇ ಮರೆತಿದ್ದವು. ಮನೆಯ ಮುಂಬಾಗಿಲ ಮೇಲಿನ ಬೋರ್ಡನ್ನು ಸ್ವತಃ ಅವರೇ ಬರೆದಿದ್ದರು. ಕೆಂಪು ಅಕ್ಷರ, ಪ್ರತಿ ಅಕ್ಷರದಿಂದಲೂ ತೊಟ್ಟಿಕ್ಕುವ ಹನಿ. ಹೆಂಡತಿಯನ್ನು ನೋಡದೆ ಎರಡು ದಿನ ಇರಬಲ್ಲರು, ಆ ಬೋರ್ಡನ್ನು ನೋಡದೆ ಒಂದು ದಿನವೂ ಇರಲಾರರು. ಇದು ಹೆಂಡತಿಗೂ ಗೊತ್ತಿತ್ತು.

ಘೋಷಣೆ ಕೇಳಿದ ಆಕೆ ಬೆಳಗಿನ ಕಾಫಿ ಲೋಟ ಒರೆಸುತ್ತಲೇ, "ಬರೆದು ಕೊಡಿ" ಎಂದಳು.

ದೆವ್ವರಾಯರು ಹಿಂದೆಮುಂದೆ ನೋಡದೆ ಹಳೆಯ ಕರಡಿನ ಹಿಂಬದಿಯಲ್ಲಿ ಬರೆದೇಬಿಟ್ಟರು: ಮುದ್ರಿತ ಸಾಲೊಂದಕ್ಕೆ ಹೆದರಿ ಕಿರುಚಿದಲ್ಲಿ ಕಾರ್ಗತ್ತಲೆ ಪ್ರಕಾಶನವನ್ನು ಮುಚ್ಚಿ, ಬೋರ್ಡಿನ ಜಾಗವನ್ನು ಧರ್ಮಪತ್ನಿಗೆ ಬಿಟ್ಟುಕೊಡುತ್ತೇನೆ. ಕೆಳಗೆ ಮೂರು ಸುತ್ತಿನ ಸಹಿ. ಆಕೆ ಅದನ್ನು ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಆಮೇಲೆ, ಇವತ್ತು ಮಧ್ಯಾಹ್ನ ಎರಡರಿಂದ ಆರರವರೆಗೆ ಮನೆ ಕಡೆ ಬರಬೇಡಿ, ಯಾಕೆ ಅಂತ ಕೇಳಬೇಡಿ ಎಂದಳು. ದೆವ್ವರಾಯರು "ಹ್ಞೂಂ, ಹ್ಞೂಂ" ಎಂದರು. ಹೆಂಡತಿಯ ಮಾತು ಅವರಿಗೆ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುವುದಕ್ಕೆ ಅಷ್ಟೇ ಹೊತ್ತು ಬೇಕಾಗುತ್ತಿತ್ತು.

ಆಕೆಗೆ ಬೋರ್ಡು ಯಾಕೆ ಎನ್ನುತ್ತೀರಾ? ಆಕೆಯೂ ಪುಸ್ತಕ ಬರೆಯುತ್ತಿದ್ದಳು. 'ಮನೆ ಅಚ್ಚುಕಟ್ಟು' ಎಂಬ ಕೈಪಿಡಿ ಮಾಲೆ. ಕಲೆ ತೆಗೆಯುವುದು, ತುಕ್ಕು ಬಿಡಿಸುವುದು, ಕಟ್ಟಿಕೊಂಡ ಮೋರಿಯನ್ನು ಸರಿಮಾಡುವುದು. ದೆವ್ವರಾಯರ ಪಿಶಾಚಿಗಳು ಅಂಗಡಿಗೆ ಹೋದಷ್ಟೇ ಉತ್ಸಾಹದಿಂದ ವಾಪಸ್ ಬಂದು ಮಂಚದ ಕೆಳಗೆ ಪೆಟ್ಟಿಗೆಗಳಲ್ಲಿ ಮಲಗಿರುತ್ತಿದ್ದವು. ಮೋರಿಯ ಪುಸ್ತಕ ಐದನೆಯ ಮುದ್ರಣ ಕಂಡಿತ್ತು. ಪಿಶಾಚಿಗಳ ಹೊಟ್ಟೆ ತುಂಬಿಸುತ್ತಿದ್ದುದು ಮೋರಿಯೇ. ಆದರೂ ಒಂದು ಪುಟ ಓದಿ ನೋಡಿ ಎಂದು ಆಕೆ ಕೇಳಿದಾಗಲೆಲ್ಲ, ಮೋರಿ ವಿಷಯ ಓದಲಿಕ್ಕೆ ನಾನೇ ಆಗಬೇಕಾ ಎಂದು ಇವರು ನಗುತ್ತಿದ್ದರು. ಮೂರು ವರ್ಷದಿಂದ ಆಕೆ ಕೇಳುವುದನ್ನೇ ಬಿಟ್ಟಿದ್ದಳು. ನೋವಾಗಿತ್ತು, ಅಷ್ಟೇ.

ಈಗ ದೆವ್ವರಾಯರು ಇಷ್ಟೊಂದು ಎದೆಯುಬ್ಬಿಸಿದ್ದಕ್ಕೆ ಕಾರಣವಿತ್ತು. ಇಷ್ಟು ವರ್ಷ ಬೇರೆಯವರ ದೆವ್ವಗಳನ್ನು ಸಾಕಿದವರು ಈ ಸಲ ತಾವೇ ಒಂದನ್ನು ಹೆತ್ತಿದ್ದರು. ಕಾದಂಬರಿಯ ಹೆಸರು 'ಏಳನೆಯ ಮೆಟ್ಟಿಲ ಉಸಿರು'. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಫಾರಂಗಳನ್ನು ಜೋಡಿಸಿ ಹೊಲಿದದ್ದು. ಯಾವ ಫಾರಂ ಯಾವ ಪುಸ್ತಕದ್ದೆಂದು ಬೈಂಡರಿಗೆ ತಿಳಿಯಲಿ ಎಂದು ಅದರ ಮೊದಲ ಪುಟದ ಅಡಿಯಲ್ಲಿ ಸಣ್ಣದಾಗಿ ಪುಸ್ತಕದ ಹೆಸರು ಹಾಕಿರುತ್ತಾರೆ. ದೆವ್ವರಾಯರು ಅದನ್ನು ತೆಗೆಸಿದರು. ಪುಟದ ತಲೆಯ ಮೇಲಿನ ಹೆಸರನ್ನೂ ತೆಗೆಸಿದರು. ಓದುಗ ತಾನು ಎಲ್ಲಿದ್ದೇನೆಂಬುದನ್ನೇ ಮರೆಯಬೇಕಂತೆ! ಹೊಸದೇನನ್ನೂ ಮಾಡಿಸುವ ರಗಳೆ ಬೇಡವೆಂದು ಹೆಂಡತಿಯೂ ತನ್ನ ಮಾಲೆಯ ನಾಲ್ಕನೆಯ ಭಾಗವನ್ನು ಅದೇ ಅಳತೆ, ಅದೇ ಅಕ್ಷರ, ಹೆಸರಿಲ್ಲದ ಅದೇ ಪುಟ, ಅದೇ ಕಾಗದದಲ್ಲಿ ಅಚ್ಚು ಹಾಕಿಸಿದಳು. ಎರಡೂ ಒಬ್ಬನೇ ಬೈಂಡರನ ಬಳಿ, ಒಂದೇ ಮೇಜಿನ ಮೇಲೆ ಬಿದ್ದವು.

ಮಧ್ಯಾಹ್ನ ಮೂರಕ್ಕೆ ಬೈಂಡರು ಮೊದಲ ಪ್ರತಿಯನ್ನು ಕೈಗಿಟ್ಟು, ಮಿಕ್ಕವು ಸಂಜೆಗೆ ಅಂಗಡಿಗಳಿಗೆ ಹೋಗುತ್ತವೆ ಎಂದ. ದೆವ್ವರಾಯರು ಅದನ್ನು ಎದೆಗೊತ್ತಿಕೊಂಡು ನೇರ ಮನೆಗೆ ನಡೆದರು. ಬರಬೇಡಿ ಎಂದಿದ್ದು ನೆನಪಾಗಲೇ ಇಲ್ಲ.

ಮನೆಯಲ್ಲಿ ಸದ್ದಿಲ್ಲ. ಹೊರಗೆ ಬಿಸಿಲಿದ್ದರೂ ಪರದೆಗಳೆಲ್ಲ ಇಳಿದಿದ್ದವು. ಮೂಗಿಗೆ ಏನೋ ಘಾಟು ಹೊಡೆಯಿತು. ಕರೆದರು, ಉತ್ತರವಿಲ್ಲ. ಎಲ್ಲೋ ಹೋಗಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡು ಮಲಗುವ ಕೋಣೆ ಹೊಕ್ಕು, ಮಂಚದ ಮೇಲೆ ಒರಗಿ, ತಲೆಯ ಬಳಿಯ ದೀಪ ಹಾಕಿ ಪುಸ್ತಕ ತೆರೆದರು.

ತೊಂಬತ್ತಾರನೆಯ ಪುಟದವರೆಗೆ ಎಲ್ಲವೂ ಸೊಗಸಾಗಿತ್ತು. ಅಂದರೆ, ಅವರದೇ ಬರವಣಿಗೆ. ಪುಟದ ಕೊನೆಯಲ್ಲಿ ನಾಯಕ ಏಳನೆಯ ಮೆಟ್ಟಿಲ ಮೇಲೆ ನಿಂತಿದ್ದಾನೆ, ಕೈದೀಪ ಆರಿದೆ. ತಮ್ಮ ಪ್ರತಿಭೆಗೆ ತಾವೇ ತಲೆದೂಗಿ ಪುಟ ತಿರುಗಿಸಿದರು.

'ಅವು ಬೆಳಕಿಗೆ ಬರುವುದಿಲ್ಲ. ಮಲಗಿದವರ ಉಸಿರಿನ ಜಾಡು ಹಿಡಿದು ಬರುತ್ತವೆ. ಬಂದದ್ದು ಮಲಗಿದವರಿಗೆ ತಿಳಿಯುವುದೇ ಇಲ್ಲ.'

ದೆವ್ವರಾಯರು ಕನ್ನಡಕ ಒರೆಸಿಕೊಂಡರು. ಇದನ್ನು ಅವರು ಬರೆದಿರಲಿಲ್ಲ. ಫಾರಂ ಅದಲುಬದಲಾಗಿದೆ ಎಂದು ಮೊದಲು ಹೊಳೆಯಿತು. ಆದರೆ ಯಾವುದರ ಜೊತೆ? ಈ ತಿಂಗಳು ಬೇರೆ ಪುಸ್ತಕವೇ ಅಚ್ಚಿಗೆ ಹೋಗಿಲ್ಲವಲ್ಲ! ಹೆಂಡತಿಯದೂ ಪುಸ್ತಕವೆಂಬುದು ಆ ಮಹಾನುಭಾವರ ತಲೆಗೆ ಹೊಳೆಯಲಿಲ್ಲ.

'ಉಪವಾಸ ಕೆಡವಿದರೂ ಸಾಯುವುದಿಲ್ಲ. ತಿಂಗಳುಗಟ್ಟಲೆ ಕಾಯುತ್ತವೆ. ಕುಡಿದು ಹೋದ ಗುರುತು ಬೆಳಿಗ್ಗೆ ತೋಳಿನ ಮೇಲೆ ಕಾಣುತ್ತದೆ. ಸಾಮಾನ್ಯವಾಗಿ ಮೂರು, ಒಂದೇ ಸಾಲಿನಲ್ಲಿ.'

ಎಡತೋಳು ನವೆಯಾಯಿತು. ನಾಲ್ಕು ದಿನದಿಂದ ನವೆ; ಸೋಪು ಸರಿಯಿಲ್ಲ ಎಂದುಕೊಂಡಿದ್ದರು. ಅಂಗಿಯ ತೋಳನ್ನು ನಿಧಾನವಾಗಿ ಮೇಲೆ ಸರಿಸಿದರು. ಕೆಂಪಗೆ, ಉಬ್ಬಿಕೊಂಡು, ಒಂದು. ಎರಡು. ಮೂರು. ಒಂದೇ ಸಾಲಿನಲ್ಲಿ.

ಪುಸ್ತಕ ಮುಚ್ಚಬಹುದಿತ್ತು. ಕೈ ಮುಚ್ಚಲಿಲ್ಲ.

'ಮೊದಲು ಗೋಡೆಯ ಕನ್ನಡಿಯನ್ನು ಇಳಿಸಿ, ಮುಖ ಗೋಡೆಗೆ ಮಾಡಿ ನಿಲ್ಲಿಸಿ. ಅವು ಅದರ ಹಿಂದೆ ಕಾಯುತ್ತಿರುತ್ತವೆ.'

ದೆವ್ವರಾಯರು ಕತ್ತನ್ನು ತಿರುಗಿಸದೆ ಕಣ್ಣನ್ನಷ್ಟೇ ತಿರುಗಿಸಿದರು. ಗೋಡೆಯ ಮೇಲೆ ಕನ್ನಡಿ ಇದ್ದ ಜಾಗ ಬೆಳ್ಳಗಿತ್ತು. ಕನ್ನಡಿ ಕೆಳಗೆ, ಮೂಲೆಯಲ್ಲಿ, ತಪ್ಪು ಮಾಡಿದ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತ್ತು.

'ಮಂಚದ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ಇಳಿಬಿಡಿ. ನೀರನ್ನು ಅವು ದಾಟಲಾರವು.'

ಬಗ್ಗಿ ನೋಡಿದರು. ನಾಲ್ಕು ಬಟ್ಟಲು. ಒಂದರಲ್ಲಿ ನೀರು ಇನ್ನೂ ಅಲುಗುತ್ತಿತ್ತು.

ಹನ್ನೊಂದು ವರ್ಷ ಮಲಗಿದ್ದ ರೋಮಗಳೆಲ್ಲ ಒಟ್ಟಿಗೇ ಎದ್ದು ನಿಂತವು. ಪುಸ್ತಕದಲ್ಲಿ ಅಬ್ಬರವಿಲ್ಲ, ಗುಡುಗಿಲ್ಲ, 'ಅಯ್ಯೋ' ಇಲ್ಲ. ಯಾರೋ ತುಂಬ ಶಾಂತವಾಗಿ, ಅಕ್ಕರೆಯಿಂದ, ಇಂಥ ಕೆಲಸವನ್ನು ಹಲವು ಸಲ ಮಾಡಿದ ಅನುಭವದಿಂದ ಹೇಳಿಕೊಡುತ್ತಿದ್ದಾರೆ.

'ಎಲ್ಲರೂ ಕೋಣೆ ಬಿಟ್ಟರೆ ಅವು ಹಸಿದು ಮನೆಯಿಡೀ ಹರಡುತ್ತವೆ. ಆದ್ದರಿಂದ ಒಬ್ಬರು ಅದೇ ಮಂಚದಲ್ಲಿ ಮಲಗುವುದನ್ನು ಮುಂದುವರಿಸಲೇಬೇಕು. ಗಾಢವಾಗಿ ನಿದ್ದೆ ಮಾಡುವವರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅವರಿಗೆ ಮೊದಲೇ ತಿಳಿಸಬೇಡಿ. ಗಾಬರಿ ಬಿದ್ದು ಕೆಲಸ ಕೆಡಿಸುತ್ತಾರೆ.'

ಯಾಕೆ ಅಂತ ಕೇಳಬೇಡಿ ಎಂದಿದ್ದ ಹೆಂಡತಿಯ ಮಾತು ಈಗ, ಎಂಟು ಗಂಟೆ ತಡವಾಗಿ, ಕಿವಿಗೆ ಬಿತ್ತು. ಹೊರಗೆ ಹೆಜ್ಜೆಯ ಸದ್ದಾಯಿತು. ಅರ್ಧ ತೆರೆದಿದ್ದ ಬಾಗಿಲು ಮೆಲ್ಲನೆ ತಾನೇ ಮುಚ್ಚಿಕೊಂಡಿತು. ದೆವ್ವರಾಯರ ಕಣ್ಣು ಪುಟದ ಮೇಲೇ ಇತ್ತು.

'ಕಡೆಗೆ, ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ.'

ಬಾಗಿಲ ಕೆಳಗಿನಿಂದ ಐದು ಬೆರಳುಗಳು ಒಳಗೆ ಬಂದವು. ಅವುಗಳ ಹಿಂದೆ ಒದ್ದೆ ಬಟ್ಟೆ.

ದೆವ್ವರಾಯರು ಕಿರುಚಿದರು. ಮಂಚದಿಂದ ಹಾರಿದವರ ಬಲಗಾಲು ಒಂದು ಬಟ್ಟಲಿಗೆ, ಎಡಗಾಲು ಇನ್ನೊಂದಕ್ಕೆ! ಬಾಗಿಲು ದಢಾರನೆ ತೆರೆಯಿತು. ಕಣ್ಣೊಂದು ಬಿಟ್ಟು ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡ ಆಕೃತಿ, ಕೈಯಲ್ಲಿ ಪಿಚಕಾರಿ ಹಿಡಿದು ನಿಂತಿತ್ತು. ದೆವ್ವರಾಯರು ಕೈಮುಗಿದು, "ನನಗೆ ನಿದ್ದೆ ಸರಿಯಾಗಿ ಬರಲ್ಲ! ಬೇರೆ ಯಾರನ್ನಾದ್ರೂ ಆರಿಸ್ಕೊಳ್ಳಿ!" ಎಂದು ಗೋಗರೆದರು.

ಆಕೃತಿ ಮುಖದ ಬಟ್ಟೆ ಇಳಿಸಿತು. "ರೀ, ಒಳಗೇ ಇದ್ರಾ? ತಿಗಣೆ ಔಷಧಿ ಹೊಡೆದಿದ್ದೀನಿ, ಮೊದಲು ಹೊರಗೆ ಬನ್ನಿ."

ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ಆಕೆ ನೀರು ಕೊಟ್ಟಳು. ಇವರು ಬಂದಾಗ ಆಕೆ ಹಿತ್ತಲಲ್ಲಿ ಹಾಸಿಗೆಯ ಬಟ್ಟೆ ಕುದಿಸುತ್ತಿದ್ದಳಂತೆ. ತಿಗಣೆ ಬಂದದ್ದು ಅಂಗಡಿಗಳಿಂದ ವಾಪಸ್ ಬಂದ ಪೆಟ್ಟಿಗೆಗಳಲ್ಲಿ. "ರಕ್ತ ಕುಡಿಯೋದು ಕಡೆಗೂ ನಿಮ್ಮ ಪುಸ್ತಕದಿಂದ ನಿಜವಾಗ್ಲೂ ಬಂತು ನೋಡಿ" ಎಂದಳು. ಅಷ್ಟರಲ್ಲಿ ಬೀದಿಯ ಕೊನೆಯ ಮನೆಯವರೂ ಬಂದು, ಯಾರು ಕಿರುಚಿದ್ದು ಎಂದು ವಿಚಾರಿಸಿ ಹೋದರು. ಕಾಲು ಒದ್ದೆಯಾಯಿತೆಂದು ಕೂಗಿದೆ ಎಂಬ ದೆವ್ವರಾಯರ ವಾದ ನಿಲ್ಲಲಿಲ್ಲ. ಸಕ್ಕರೆ ಡಬ್ಬಿಯ ಕೆಳಗಿನ ಕಾಗದ ಹೊರಬಂತು.

"ಯಾವ ಸಾಲಿಗೆ ಕಿರುಚಿದ್ರಿ, ತೋರಿಸಿ" ಎಂದಳು.

ತೋರಿಸಿದರು. ಆಕೆ ಎರಡು ಸಾಲು ಓದಿದಳು. ಪುಟ ತಿರುಗಿಸಿದಳು. ಆಮೇಲೆ ಅವರ ಪಕ್ಕದಲ್ಲಿ ಕುಳಿತಳು.

"ಇದು ನಾನು ಬರೆದಿದ್ದು. ಹನ್ನೊಂದು ವರ್ಷದಲ್ಲಿ ನೀವು ನನ್ನ ಪುಸ್ತಕ ಓದಿದ್ದು ಇದೇ ಮೊದಲು."

ಮೂರು ಕಚ್ಚಿದ ಗುರುತುಗಳಿಗಿಂತ ಆ ಮಾತು ಹೆಚ್ಚು ಚುರುಗುಟ್ಟಿತು. ದೆವ್ವರಾಯರಿಗೆ ನಾಚಿಕೆಯಾಯಿತು. ಚೆನ್ನಾಗಿ ಬರೆದಿದ್ದೀಯಾ ಎಂದು ಮೆಲ್ಲನೆ ಹೇಳಿದರು. ಆಕೆ, ಗೊತ್ತು ಎಂದಳು.

ಮರುದಿನ ಬೈಂಡರನನ್ನು ಹಿಡಿದು ಬೈಯಲು ಹೋದರೆ ಅವನು, ಗುರುತು ತೆಗೆಸಿದ್ದು ಯಾರು ಸ್ವಾಮಿ, ಪುಟದ ಸಂಖ್ಯೆ ಸರಿಯಿತ್ತು, ಹೊಲಿದೆ ಎಂದ. ಎರಡೂ ಪುಸ್ತಕಗಳ ಅಷ್ಟೂ ಪ್ರತಿಗಳು ಆಗಲೇ ಅಂಗಡಿಗಳಿಗೆ ಹೋಗಿದ್ದವು. ಬೋರ್ಡಿನ ವಿಷಯ ಓದುಗರು ಹೇಳಿದ ಮೇಲೆ ನೋಡೋಣ ಎಂದು ಹೆಂಡತಿ ದೊಡ್ಡ ಮನಸ್ಸು ಮಾಡಿದಳು.

ಮೂರು ವಾರಕ್ಕೆ ಕಾದಂಬರಿಯ ಓದುಗರ ಪತ್ರಗಳು ಬಂದವು. ಎಲ್ಲರೂ ಹೊಗಳಿದ್ದು ತೊಂಬತ್ತೇಳರಿಂದ ನೂರ ಹನ್ನೆರಡರವರೆಗಿನ ಪುಟಗಳನ್ನೇ. ಒಬ್ಬರು ಅಂದಿನಿಂದ ಕುರ್ಚಿಯಲ್ಲೇ ಮಲಗುತ್ತಿದ್ದಾರಂತೆ. ಮಾತು ಮಾತೇ ಎಂದು ದೆವ್ವರಾಯರು ಏಣಿ ತಂದು, ಬೋರ್ಡಿನ ಸ್ಕ್ರೂ ಬಿಚ್ಚತೊಡಗಿದರು. ಕೆಳಗೆ ಹೆಂಡತಿ ಏಣಿ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ 'ಮನೆ ಅಚ್ಚುಕಟ್ಟು' ಓದುಗರ ಮೊದಲ ಪತ್ರ ಬಿಚ್ಚಿದಳು. ದೆವ್ವರಾಯರ ಹದಿನಾರು ಪುಟ ಹೋಗಿ ಕೂತಿದ್ದು ಅದರಲ್ಲೇ ತಾನೆ! ಏಳನೆಯ ಮೆಟ್ಟಿಲು, ಆರಿದ ದೀಪ, ಕತ್ತಲಲ್ಲಿ ಕೊಲೆ. ಒಬ್ಬ ಗೃಹಿಣಿಯಾದರೂ ಬೆಚ್ಚಿಬಿದ್ದಿದ್ದರೆ ಬೋರ್ಡು ಉಳಿಸಿಕೊಳ್ಳಲು ಒಂದು ನೆಪ ಸಿಗುತ್ತಿತ್ತು. ಮೂರು ಸ್ಕ್ರೂ ಬಿಚ್ಚಿದವರು ಕೈ ತಡೆದರು.

ಕೆಳಗೆ ಏಣಿ ಅಲುಗಿತು. ಆಕೆ ನಗು ತಡೆಯಲಾರದೆ ಒದ್ದಾಡುತ್ತಿದ್ದಳು.

"ಏನಂತೆ?"

"ನಡುವೆ ಹದಿನಾರು ಪುಟ ಹಾಸ್ಯ ಕೊಟ್ಟಿದ್ದು ಬಹಳ ಚೆನ್ನಾಗಿದೆಯಂತೆ. ಮನೆಮಂದಿಯೆಲ್ಲ ಕೂತು ಓದಿ ನಕ್ಕರಂತೆ. ಮುಂದಿನ ಭಾಗದಲ್ಲೂ ಇರಲಿ ಅಂತಾರೆ."

ದೆವ್ವರಾಯರು ಏಣಿಯ ಮೇಲಿಂದ ಬಗ್ಗಿ ಪತ್ರದತ್ತ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಯಾವ ಕಡೆ ನಕ್ಕರಂತೆ?"

ಆಕೆ ಪತ್ರವನ್ನು ಇನ್ನೊಮ್ಮೆ ನೋಡಿದಳು. "ಕೊಲೆ ಆಗೋ ಕಡೆ."

ದೆವ್ವರಾಯರು ನಾಲ್ಕನೆಯ ಸ್ಕ್ರೂ ಬಿಚ್ಚಿದರು.